ನಾಲ್ಕನೇ ಟ್ರ್ಯಾಕಿನ ದನಿ

ರೇಣುಕಾಳ ಶ್ರುತಿ ತಪ್ಪಿರಲಿಲ್ಲ. ತಪ್ಪಿದೆ ಎಂದು ಅವಳನ್ನು ನಂಬಿಸಿದವಳು ನಾನು.

ಬರೀ ಬಾಯಿಮಾತಿನಲ್ಲಿ ನಂಬಿಸಲಿಲ್ಲ. ಹಾಗಿದ್ದಿದ್ದರೆ ಅವಳು ಎಂದಾದರೊಂದು ದಿನ ನನ್ನ ಮಾತನ್ನು ಕೊಡವಿಕೊಂಡು ಎದ್ದುಬಿಡುತ್ತಿದ್ದಳೇನೋ. ನಾನು ಟೇಪಿನಲ್ಲಿ ಮೋಸ ಮಾಡಿದೆ — ಅವಳದೇ ದನಿಯನ್ನು ಅವಳ ಮುಂದೆ ಸಾಕ್ಷಿಯಾಗಿ ನಿಲ್ಲಿಸಿ, ಅವಳ ಕಿವಿಯಿಂದಲೇ ಅವಳಿಗೆ ತೀರ್ಪು ಕೊಡಿಸಿದೆ. ಆಗ ನನಗೆ ಇಪ್ಪತ್ತಾರು ವರ್ಷ. ಮಾಡುತ್ತಿರುವುದು ಏನೆಂದು ತಿಳಿಯದ ವಯಸ್ಸಲ್ಲ. ತಿಳಿದೇ ಮಾಡಿದೆ. ಮಾಡುವಾಗ ಕೈ ನಡುಗಿತ್ತೆಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ಆದರೆ ನಡುಗಲಿಲ್ಲ.

ನನ್ನ ಹೆಸರು ವಸುಧಾ. ಅಪ್ಪ ಮೈಸೂರಿನವರು. ಮುಂಬಯಿಯ ಪವಾಯಿಯಲ್ಲಿದ್ದ ಇಂಜಿನಿಯರಿಂಗ್ ಸಂಸ್ಥೆಯ ಕಚೇರಿಯಲ್ಲಿ ಕೆಲಸದಲ್ಲಿದ್ದರು, ಕೆರೆಯ ಹತ್ತಿರ ನಮಗೆ ಕ್ವಾರ್ಟರ್ಸ್ ಇತ್ತು. ನಾನು ದೂರದ ಊರುಗಳಿಗೆ ಫೋನ್ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕೆಲಸ ಬಿಟ್ಟರೆ ಗಿಟಾರ್. ಕ್ಯಾಂಪಸ್ಸಿನ ಹುಡುಗರ ಕೈ ನೋಡಿ ನೋಡಿ ಕಲಿತಿದ್ದೆ. ಎಂಬತ್ತರ ದಶಕದ ನಡುವಿನಲ್ಲಿ ನಾವು ಮೂವರು ಸೇರಿ ಒಂದು ಬ್ಯಾಂಡ್ ಮಾಡಿಕೊಂಡೆವು, ಹೆಸರು ಸೈಡಿಂಗ್. ಡ್ರಮ್ಸಿಗೆ ಬೊರಿವಲಿಯ ಮೆಲ್ವಿನ್, ಬೇಸ್ ಗಿಟಾರಿಗೆ ಘಾಟ್ಕೋಪರಿನ ಜತಿನ್, ಗಿಟಾರ್ ಹಿಡಿದು ಹಾಡಲು ನಾನು. ನಮ್ಮ ಕ್ವಾರ್ಟರ್ಸಿನ ಹಿಂದಿದ್ದ ಸಾಮಾನಿನ ಕೋಣೆಯ ಕಿಟಕಿಗಳಿಗೆ ಹಳೆಯ ಹಾಸಿಗೆ ಒರಗಿಸಿ ಭಾನುವಾರ ಭಾನುವಾರ ಪ್ರಾಕ್ಟೀಸ್ ಮಾಡುತ್ತಿದ್ದೆವು. ಆ ಕಾಲದ ಮುಂಬಯಿಯಲ್ಲಿ ರಾಕ್ ಬ್ಯಾಂಡ್ ಎಂದರೆ ಇಂಗ್ಲಿಷ್ ಹಾಡುಗಳನ್ನು ಇದ್ದಹಾಗೇ ಒಪ್ಪಿಸುವುದು. ನಾವು ಸ್ವಂತ ಹಾಡು ಮಾಡುತ್ತೇವೆ ಎಂಬ ಜಂಬ ನಮ್ಮದು. ಅದರಲ್ಲೂ ಹುಡುಗಿಯೊಬ್ಬಳು ಗಿಟಾರ್ ಹಿಡಿದು ಮುಂದೆ ನಿಲ್ಲುತ್ತಾಳೆ ಎಂದರೆ ಕಾಲೇಜುಗಳಲ್ಲಿ ಜನ ತಿರುಗಿ ನೋಡುತ್ತಿದ್ದರು. ನೋಡುತ್ತಿದ್ದರು, ಹೌದು. ಕೇಳುತ್ತಿದ್ದರೋ ಇಲ್ಲವೋ — ಆ ಪ್ರಶ್ನೆಯನ್ನು ನಾನು ಹಾಕಿಕೊಂಡಿರಲಿಲ್ಲ.

ರೇಣುಕಾಳನ್ನು ಕರೆತಂದವಳೂ ನಾನೇ.

ಅವಳು ಎಕ್ಸ್‌ಚೇಂಜಿನಲ್ಲಿ ನನ್ನ ಪಕ್ಕದ ಸೀಟು. ಗದಗಿನ ಕಡೆಯವರು. ಅವಳ ಅಪ್ಪ ಹನಮಂತಪ್ಪ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದು, ಕೂಲಿಯಿಂದ ಮೇಲೆ ಬಂದು ಮುಕಾದಮ ಆಗಿದ್ದರು — ಕೂಲಿಯವರ ಮೇಲ್ವಿಚಾರಣೆ ನೋಡುವವರು. ಕುರ್ಲಾದ ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ. ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿ ಸರ್ಕಾರಿ ಕೆಲಸ ಹಿಡಿದ ಮಗಳ ಬಗ್ಗೆ ಅವರಿಗೆ ಹೇಳಲಾರದಷ್ಟು ಹೆಮ್ಮೆ. ರೇಣುಕಾ ನನಗಿಂತ ನಾಲ್ಕು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಟ್ರಂಕ್ ಕಾಲ್‌ಗಳಲ್ಲಿ ಮೂರು ನಿಮಿಷಕ್ಕೊಮ್ಮೆ ನಾವು ಲೈನಿನೊಳಗೆ ಹೋಗಿ "ತೀನ್ ಮಿನಿಟ್ ಹೋ ಗಯೇ" ಎಂದು ಎಚ್ಚರಿಸಬೇಕಿತ್ತು. ನಾವೆಲ್ಲ ಅದನ್ನು ಒದರುತ್ತಿದ್ದೆವು. ಅವಳು ಹೇಳಿದರೆ ಆ ಕಡೆಯವರು ಬೈಯುತ್ತಿರಲಿಲ್ಲ, ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು. ಒಂದು ದಿನ ಕ್ಯಾಂಟೀನಿನಲ್ಲಿ ಅದೇ ಮಾತನ್ನು ಅವಳು ರಾಗವಾಗಿ ಗುನುಗುತ್ತಾ ಡಬ್ಬಿ ತೊಳೆಯುತ್ತಿದ್ದಳು. ಮೂರು ನಿಮಿಷದಲ್ಲಿ ಹೇಳಬೇಕಾದ್ದನ್ನು ಹೇಳಲಾಗದೆ ಲೈನ್ ಕತ್ತರಿಸಿಹೋಗುವ ಒಬ್ಬ ಹೆಂಗಸಿನ ಹಾಡು. ಹಿಂದಿಯ ಸಾದಾ ಮಾತುಗಳು.

"ಯಾರದು ಇದು?" ಎಂದೆ.

"ಯಾರದೂ ಅಲ್ರಿ ಅಕ್ಕಾ. ಸುಮ್ನ... ಕುಂತಾಗ ಬರ್ತೈತಿ."

ಹಿಂದೆ ನಿಂತು ನನ್ನ ಹಾಡಿಗೆ ದನಿಗೂಡಿಸಲಿ ಎಂದು ಕರೆದೆ. ಹಿಂದೆ ನಿಲ್ಲಲಿ — ಅಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು. ಮೊದಲ ಭಾನುವಾರವೇ ಜತಿನ್ ಅವಳ ಹಾಡು ಕೇಳಿ ಬೇಸ್ ಕೆಳಗಿಟ್ಟ. ಅದಕ್ಕೆ ತಾಳ ಹುಡುಕಿದ, ನಾನು ಗಿಟಾರ್ ಕೂಡಿಸಿದೆ. "ತೀನ್ ಮಿನಿಟ್" ಹುಟ್ಟಿದ್ದು ಹಾಗೆ. ಅದರಲ್ಲಿ ನನ್ನದು ಗಿಟಾರಿನ ನಾಲ್ಕು ಸ್ವರಗುಚ್ಛ. ಉಳಿದದ್ದೆಲ್ಲ ಅವಳದು.

ಆ ವರ್ಷ ಒಂದು ಕಾಲೇಜಿನ ಹಬ್ಬದಲ್ಲಿ ನಮಗೆ ಸಂಜೆಯ ಅರ್ಧ ಗಂಟೆ ಸಿಕ್ಕಿತು. ನಾನು ನಾಲ್ಕು ಇಂಗ್ಲಿಷ್ ಹಾಡು ಹಾಡಿದೆ. ಐದನೆಯದು ರೇಣುಕಾಳದು. ಕಾಟನ್ ಸೀರೆಯುಟ್ಟು, ಚಪ್ಪಲಿಯನ್ನು ಸ್ಟೇಜಿನ ಮೆಟ್ಟಿಲ ಬಳಿ ಬಿಟ್ಟು ಬಂದು ನಿಂತಳು. ಕೆಲವರು ನಕ್ಕರು. ಅವಳು ಶುರು ಮಾಡಿದ ಮೇಲೆ ನಗು ನಿಂತಿತು. ಬಯಲಿನ ಹಿಂಬದಿಯಲ್ಲಿ ಚಹಾಕ್ಕೆ ಎದ್ದು ಹೋಗುತ್ತಿದ್ದವರು ನಿಂತಲ್ಲೇ ತಿರುಗಿದರು. ಅಲ್ಲೇ ಹಿಂದೆ, ವಿದ್ಯಾರ್ಥಿಗಳ ನಡುವೆ, ಹನಮಂತಪ್ಪ ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು, ದೇವರ ಮುಂದೆ ನಿಂತವರ ಹಾಗೆ. ಅವಳ ನಂತರ ಮತ್ತೆ ನಾನು ಹಾಡಬೇಕಿತ್ತು. ಹಾಡಿದೆ. ಜನ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳಲು ಶುರು ಮಾಡಿದರು. ಮಾತಾಡಿದ್ದು ನನ್ನನ್ನು ಹೀಗಳೆಯಲಿಕ್ಕಲ್ಲ, ಅವಳ ಬಗ್ಗೆ. ನಾನು ಹಾಡುತ್ತಿದ್ದೇನೆ ಎಂಬುದನ್ನೇ ಅವರು ಮರೆತಿದ್ದರು.

ವಾಪಸ್ ಬರುವಾಗ ಮೆಲ್ವಿನ್ ಹೇಳಿದ, "ವಸು, ತೂ ಗಿಟಾರ್ ಸಂಭಾಲ್. ಗಾನೇ ದೇ ಉಸ್ಕೊ." — ನೀನು ಗಿಟಾರ್ ನೋಡಿಕೋ, ಹಾಡಲು ಅವಳನ್ನು ಬಿಡು.

ನಾನು ನಕ್ಕು "ಹೌದು, ಅದೇ ಸರಿ" ಎಂದೆ. ಆ ನಗು ನನಗೆ ಈಗಲೂ ನೆನಪಿದೆ. ಒಳಗೆ ಏನಾಗುತ್ತಿತ್ತು ಎಂದು ವಿವರಿಸಲು ಎಷ್ಟೋ ಸಲ ಕೂತಿದ್ದೇನೆ. ಹೊಟ್ಟೆಕಿಚ್ಚು ಎಂದರೆ ಸಾಕಾಗುವುದಿಲ್ಲ. ಅವಳು ನನಗಿಂತ ಚೆನ್ನಾಗಿ ಹಾಡುತ್ತಾಳೆ ಎಂಬುದಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಚಾಳಿನ ಹುಡುಗಿ, ನಾನು ಕೈಹಿಡಿದು ತಂದವಳು, ಚಪ್ಪಲಿ ಬಿಟ್ಟು ಸ್ಟೇಜ್ ಹತ್ತುವವಳು... ಇವಳು ನನಗಿಂತ ಮುಂದೆ ನಿಲ್ಲುವುದೇ — ನನ್ನೊಳಗೆ ಇದ್ದದ್ದು ಇದು. ಬರೆಯಲು ನಾಚಿಕೆಯಾಗುತ್ತದೆ. ಆದರೂ ಇದ್ದದ್ದು ಇದೇ.

ಆ ಹಬ್ಬದಲ್ಲಿ ನಮ್ಮನ್ನು ಕೇಳಿದ್ದ ಒಂದು ಸಣ್ಣ ಕ್ಯಾಸೆಟ್ ಕಂಪನಿಯವರು ಆರು ಹಾಡು ರೆಕಾರ್ಡ್ ಮಾಡಿ ಕೊಡಿ, ಕ್ಯಾಸೆಟ್ ತರುತ್ತೇವೆ ಎಂದರು. ಗಲ್ಫಿನಲ್ಲಿದ್ದ ನನ್ನ ಸೋದರಮಾವ ನಾಲ್ಕು ಟ್ರ್ಯಾಕಿನ ರೆಕಾರ್ಡರ್ ಒಂದನ್ನು ತಂದುಕೊಟ್ಟಿದ್ದರು. ಒಂದೇ ಕ್ಯಾಸೆಟ್ಟಿನಲ್ಲಿ ನಾಲ್ಕು ಸಾಲು. ಮೊದಲನೆಯದರಲ್ಲಿ ಡ್ರಮ್ಸ್, ಎರಡನೆಯದರಲ್ಲಿ ಬೇಸ್, ಮೂರನೆಯದರಲ್ಲಿ ಗಿಟಾರ್, ನಾಲ್ಕನೆಯದರಲ್ಲಿ ದನಿ. ಒಂದನ್ನು ಅಳಿಸಿ ಮತ್ತೆ ತುಂಬಿದರೂ ಉಳಿದ ಮೂರು ಹಾಗೇ ಇರುತ್ತವೆ. ಅದನ್ನು ನಡೆಸಲು ಬರುತ್ತಿದ್ದದ್ದು ನನಗೊಬ್ಬಳಿಗೆ.

"ತೀನ್ ಮಿನಿಟ್" ಅನ್ನು ರೇಣುಕಾ ಒಂದೇ ಸಲಕ್ಕೆ ಹಾಡಿದಳು. "ಮಿನಿಟ್" ಎಂಬ ಮಾತನ್ನು ಅವಳು ನಡುವೆ ತುಸುವೇ ಒಡೆದು, ಉಸಿರು ಹಿಡಿದು, ಮತ್ತೆ ಕೂಡಿಸುತ್ತಿದ್ದಳು. ಅಲ್ಲಿ ಕೇಳುವವರಿಗೆ ಎದೆಯಲ್ಲಿ ಏನೋ ಆಗುತ್ತಿತ್ತು. ನನಗೂ ಆಯಿತು. ಆದದ್ದರಿಂದಲೇ —

ಮರುದಿನ ನನಗೆ ರಜೆ. ಅಮ್ಮ ಮಧ್ಯಾಹ್ನ ಮಲಗಿದ್ದರು. ನಾನು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಹೊತ್ತು ತಿರುಗುವುದು ಬೇಡವೆಂದು ಜತಿನ್ ತನ್ನ ಬೇಸನ್ನು ಅಲ್ಲೇ ಇಡುತ್ತಿದ್ದ. ಗಿಟಾರಿನ ತಂತಿಗಳನ್ನೂ ಬೇಸಿನ ತಂತಿಗಳನ್ನೂ ನಾನು ಚೂರೇ ಬಿಗಿ ಮಾಡಿದೆ. ಅರ್ಧ ಸ್ವರದಷ್ಟೂ ಅಲ್ಲ, ಅದರ ಅರ್ಧ. ಪೂರ್ತಿ ಏರಿಸಿದ್ದರೆ ಯಾರಿಗಾದರೂ ತಿಳಿದುಬಿಡುತ್ತಿತ್ತು. ಆಮೇಲೆ ಎರಡನೆಯ, ಮೂರನೆಯ ಟ್ರ್ಯಾಕುಗಳನ್ನು ಅಳಿಸಿ, ಆ ಬಿಗಿದ ತಂತಿಗಳಲ್ಲಿ ಅದೇ ಹಾಡನ್ನು ಮತ್ತೆ ನುಡಿಸಿ ತುಂಬಿದೆ. ಜತಿನ್ ಹೇಗೆ ನುಡಿಸುತ್ತಾನೋ ಹಾಗೆಯೇ, ಅವನ ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ತಡವರಿಸಿ. ಒಂದು ಮಧ್ಯಾಹ್ನದ ಕೆಲಸ. ಅಷ್ಟು ಶ್ರದ್ಧೆಯಿಂದ ನಾನು ಇನ್ನಾವ ಹಾಡನ್ನೂ ನುಡಿಸಿದ್ದಿಲ್ಲ.

ಅವಳ ದನಿಯನ್ನು ನಾನು ಮುಟ್ಟಲಿಲ್ಲ. ಉಳಿದದ್ದನ್ನೆಲ್ಲ ಅವಳಿಂದ ಸರಿಸಿದೆ.

ಭಾನುವಾರ ಎಲ್ಲರೂ ಬಂದರು. ಟೇಪ್ ಹಾಕಿದೆ. ಮೊದಲ ಸಾಲಿಗೇ ಮೆಲ್ವಿನ್ ಮುಖ ಕಿವುಚಿದ. ಎರಡನೆಯ ಸಾಲಿಗೆ ಜತಿನ್ ನೆಲ ನೋಡಿದ. ಹಿಂದಿನ ವಾರ ಅದೇ ಕೋಣೆಯಲ್ಲಿ ಎದೆ ತುಂಬಿಸಿದ್ದ ದನಿ ಈಗ ತಂತಿಗಳ ಕೆಳಗೆ ಜೋತುಬಿದ್ದ ಹಾಗೆ, ಕಲಿಯದವರು ಮದುವೆಮನೆಯಲ್ಲಿ ಹಾಡಿದ ಹಾಗೆ ಕೇಳುತ್ತಿತ್ತು.

"ಫ್ಲ್ಯಾಟ್ ಹೈ ಯಾರ್," ಎಂದ ಮೆಲ್ವಿನ್. "ಪೂರಾ ಫ್ಲ್ಯಾಟ್. ಉಸ್ ದಿನ್ ಪತಾ ಕೈಸೇ ನಹೀಂ ಚಲಾ?" — ಶ್ರುತಿಗಿಂತ ಕೆಳಗಿದೆ, ಅವತ್ತು ಹೇಗೆ ಗೊತ್ತಾಗಲಿಲ್ಲ?

"ಎದುರಿಗೆ ಕೇಳುವಾಗ ಗೊತ್ತಾಗಲ್ಲ," ಎಂದೆ ನಾನು. "ಟೇಪು ಸುಳ್ಳು ಹೇಳಲ್ಲ."

ಈ ಮಾತನ್ನು ನಾನು ಹೇಳಿದೆ. ಹೇಳುವಾಗ ರೇಣುಕಾಳ ಮುಖ ನೋಡಿಕೊಂಡೇ ಹೇಳಿದೆ. ಅವಳು ಚಾಪೆಯ ಮೇಲೆ ಕೂತು, ತನ್ನ ದನಿಯನ್ನು ತಾನು ಕೇಳುತ್ತಾ, ಕತ್ತಿನ ಮೇಲೆ ಕೈ ಇಟ್ಟುಕೊಂಡಿದ್ದಳು. ಸಂಗೀತ ಕಲಿತವಳಲ್ಲ. ತನಗೆ ತಾನೇ ನಂಬಬಹುದಾದ ಅಳತೆಗೋಲು ಅವಳ ಬಳಿ ಏನೂ ಇರಲಿಲ್ಲ. ಇದ್ದದ್ದು ಕಿವಿಯೊಂದೇ. ಆ ಕಿವಿ ಈಗ ಅವಳ ವಿರುದ್ಧವೇ ಹೇಳುತ್ತಿತ್ತು.

"ಇನ್ನೊಂದ್ ಸಲ ಹಾಡ್ತೀನ್ರಿ ಅಕ್ಕಾ," ಎಂದಳು.

ಹಾಡಿಸಿದೆ. ಹೆಡ್‌ಫೋನ್ ಕೊಟ್ಟು, ಅದರಲ್ಲಿ ಗಿಟಾರನ್ನೂ ಬೇಸನ್ನೂ ಬಹುಮಟ್ಟಿಗೆ ತಗ್ಗಿಸಿ, ಅವಳ ದನಿಯನ್ನೇ ಅವಳ ಕಿವಿಗೆ ತುಂಬಿದೆ. ಕಂಬ ಕಿತ್ತ ಮೇಲೆ ಬಳ್ಳಿ ಎಲ್ಲಿಗೆ ಹೋಗಬೇಕು? ಹೆದರಿಕೆ ಬೇರೆ. ಆ ಸಲ ಅವಳ ಶ್ರುತಿ ನಿಜಕ್ಕೂ ತಪ್ಪಿತು. ನಾಲ್ಕನೇ ಸಾಲಿಗೆ ನಿಲ್ಲಿಸಿ ನೀರು ಕೇಳಿದಳು. ಕುಡಿದು ಮತ್ತೆ ಹಾಡಿದಳು, ಮತ್ತೆ ನಿಲ್ಲಿಸಿದಳು. ಅಭ್ಯಾಸಕ್ಕೆಂದು ಹೇಳಿ ಹಾಡಿಸಿದ್ದೆ, ರೆಕಾರ್ಡಿನ ಗುಂಡಿ ಒತ್ತಿರಲಿಲ್ಲ. ಹಾಗಾಗಿ ಅವಳ ಮೊದಲ ಹಾಡು ನಾಲ್ಕನೆಯ ಟ್ರ್ಯಾಕಿನಲ್ಲಿ ಹಾಗೇ ಇತ್ತು. ಅದು ನನಗೆ ಬೇಕಿತ್ತು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಸಂಜೆ ಅವಳನ್ನು ಬಸ್ ಸ್ಟಾಪಿನವರೆಗೆ ಕಳಿಸಲು ಹೋದೆ. ಅವಳಿಗೆ ಮುಂಬಯಿಯ ಆಚೆ ಕಲ್ಯಾಣ ಎಂಬ ಊರಿನಲ್ಲಿದ್ದ ಒಬ್ಬ ಗಂಡಿನ ಕಡೆಯಿಂದ ಸಂಬಂಧ ಬಂದಿತ್ತು. ಮದುವೆಯಾದ ಮೇಲೆ ಜನರೆದುರು ಹಾಡುವುದು ಬೇಡ ಎಂದು ಅವರು ಮೊದಲೇ ಹೇಳಿದ್ದರು. ಕ್ಯಾಸೆಟ್ ಬರುವವರೆಗೆ ತಡೆಯಿರಿ ಎಂದು ಅವಳು ಅಪ್ಪನನ್ನು ಬೇಡಿಕೊಂಡಿದ್ದಳು. ಹನಮಂತಪ್ಪ ಒಪ್ಪಿದ್ದರು — ಕ್ಯಾಸೆಟ್ಟಿನ ಮೇಲೆ ನಿನ್ನ ಹೆಸರು ಬಂದರೆ ಆ ಸಂಬಂಧವನ್ನು ನಾನೇ ಬೇಡ ಅಂತೀನಿ ಎಂದಿದ್ದರಂತೆ. ಇದೆಲ್ಲ ನನಗೆ ಗೊತ್ತಿತ್ತು. ಕ್ಯಾಂಟೀನಿನಲ್ಲಿ ಅವಳೇ ಹೇಳಿದ್ದಳು.

ಬಸ್ಸು ಕಾಣಿಸಿದಾಗ ಅವಳು ನನ್ನ ಕೈ ಹಿಡಿದಳು. "ಅಕ್ಕಾ, ಖರೇ ಹೇಳ್ರಿ. ಕಲಿತ್ರ ಬರ್ತದೇನು? ನೀವು ಬರ್ತದ ಅಂದ್ರ ನಾ ಎಷ್ಟ್ ವರ್ಷ ಆದ್ರೂ ಕಲೀತೀನಿ. ನೀವು ಹೇಳಿದ್ದ ನನಗ ಖರೇ."

ನಾನು ಹೇಳಿದೆ — "ಇಲ್ಲ ರೇಣುಕಾ. ನಿಂಗೆ ಶ್ರುತಿ ನಿಲ್ಲಲ್ಲ. ಅದು ಹುಟ್ಟಿನಿಂದ ಬರಬೇಕು, ಕಲಿಸೋಕಾಗಲ್ಲ. ಜನ ನಗೋ ಮುಂಚೆ ಬಿಟ್ಟುಬಿಡು."

ಅವಳು ಅಳಲಿಲ್ಲ. ನನ್ನ ಕೈಯನ್ನು ಒಮ್ಮೆ ಒತ್ತಿ, "ನೀವಾದ್ರೂ ಹೇಳಿದ್ರಲ್ಲ. ಬ್ಯಾರೆಯವ್ರು ಹೇಳ್ತಿರಲಿಲ್ಲ," ಎಂದು ಬಸ್ಸು ಹತ್ತಿದಳು. ನನಗೆ ಕೃತಜ್ಞತೆ ಹೇಳಿ ಹೋದಳು.

ಇಷ್ಟಕ್ಕೇ ನಿಲ್ಲಿಸಿದ್ದರೂ — ಇಲ್ಲ, ನಿಲ್ಲಿಸಲಿಲ್ಲ. ಆ ವಾರ ದಿನವೂ ಕೆಲಸದಿಂದ ಬಂದು ನಾಲ್ಕನೆಯ ಟ್ರ್ಯಾಕನ್ನಷ್ಟೇ ಹಾಕಿಕೊಂಡು ಕೇಳಿದೆ. ಅವಳು ಎಲ್ಲಿ ಉಸಿರು ತೆಗೆಯುತ್ತಾಳೆ, ಯಾವ ಅಕ್ಷರದ ಮೇಲೆ ಭಾರ ಹಾಕುತ್ತಾಳೆ, "ಮಿನಿಟ್" ಅನ್ನು ಹೇಗೆ ಒಡೆಯುತ್ತಾಳೆ. ಪರೀಕ್ಷೆಗೆ ಓದುವವರ ಹಾಗೆ ಬಾಯಿಪಾಠ ಮಾಡಿದೆ. ಅವಳ ದನಿಯನ್ನು ಉಳಿಸಿಕೊಂಡದ್ದು ಅದಕ್ಕೇ. ಆಮೇಲೆ ಆ ಟ್ರ್ಯಾಕಿನ ಮೇಲೆಯೇ ನಾನು ಹಾಡಿದೆ. ಕೆಂಪು ಗುಂಡಿ ಒತ್ತಿ ನಾನೊಂದು ಸಾಲು ಹಾಡಿದರೆ ಅವಳದೊಂದು ಸಾಲು ಅಳಿಯುತ್ತಿತ್ತು. ಕೊನೆಯ ಸಾಲಿಗೆ ಬಂದಾಗ ಅವಳದು ಏನೂ ಉಳಿದಿರಲಿಲ್ಲ.

ಕ್ಯಾಸೆಟ್ ಬಂತು. ರಚನೆ, ಗಾಯನ ಎರಡೂ ನನ್ನ ಹೆಸರಿನಲ್ಲಿ; ಕಂಪನಿಗೆ ಹಾಗೆ ಬರೆದುಕೊಟ್ಟವಳು ನಾನೇ, ಯಾರೂ ಪ್ರಶ್ನಿಸಲಿಲ್ಲ. ಕಾಲೇಜುಗಳ ಕ್ಯಾಂಟೀನುಗಳಲ್ಲಿ ಕೈಯಿಂದ ಕೈಗೆ ಹೋಯಿತು. ಮಂದಿ ನಕಲು ಮಾಡಿಕೊಂಡರು. ಒಂದು ಇಂಗ್ಲಿಷ್ ಪತ್ರಿಕೆ ನಾಲ್ಕೈದು ಸಾಲು ಬರೆಯಿತು. ಅದರಲ್ಲಿ "ತೀನ್ ಮಿನಿಟ್" ಹಾಡಿನಲ್ಲಿ ದನಿ ನಡುವೆ ಒಡೆದು ಕೂಡಿಕೊಳ್ಳುವ ಜಾಗವನ್ನೇ ಎತ್ತಿ ಹೊಗಳಿದ್ದರು. ಕತ್ತರಿಸಿ ಇಟ್ಟುಕೊಂಡೆ. ರೇಣುಕಾ ಅದನ್ನು ಎಕ್ಸ್‌ಚೇಂಜಿನಲ್ಲಿ ಎಲ್ಲರಿಗೂ ಓದಿ ಹೇಳಿದಳು. ಮನೆಯಿಂದ ಶೇಂಗಾ ಹೋಳಿಗೆ ಮಾಡಿಕೊಂಡು ಬಂದು ನನ್ನ ಬಾಯಿಗೆ ಇಟ್ಟಳು. ನಾನು ತಿಂದೆ.

ಆ ವರ್ಷವೇ ಅವಳ ಮದುವೆಯಾಯಿತು. ಕಲ್ಯಾಣದಿಂದ ಕೆಲಸಕ್ಕೆ ಬರುತ್ತಿದ್ದಳು. ಅವಳಲ್ಲಿ ಏನೋ ಬದಲಾಗಿದೆ ಎಂದು ಮೊದಲು ಕಂಡುಕೊಂಡವರು ಗಿರಾಕಿಗಳು. ಆಪರೇಟರ್ ಮಾತಾಡುವುದು ಕೇಳಿಸುವುದಿಲ್ಲ ಎಂದು ದೂರು ಬರತೊಡಗಿತು. "ತೀನ್ ಮಿನಿಟ್" ಎಂದು ಹೇಳುವಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಸೂಪರ್‌ವೈಸರ್ ಹೆಂಗಸು, ಸಾವಂತ್ ಅಂತ, ಎರಡು ಸಲ ಎಲ್ಲರೆದುರೇ ಬೈದರು. "ಜೋರಾತ್ ಬೋಲ್ ಗ! ಘಶ್ಯಾತ್ ಕಾಯ್ ಝಾಲಂ?" — ಜೋರಾಗಿ ಮಾತಾಡು, ಗಂಟಲಿಗೇನಾಗಿದೆ ನಿನಗೆ? ಮೂರನೆಯ ಸಲ ರೇಣುಕಾ ತಾನೇ ಅರ್ಜಿ ಕೊಟ್ಟು ಹಿಂದಿನ ಕೋಣೆಗೆ, ಕಾಲ್ ಚೀಟಿಗಳನ್ನು ವಿಂಗಡಿಸುವ ಕೆಲಸಕ್ಕೆ ಹೋದಳು. ಅಲ್ಲಿ ಯಾರೂ ಮಾತಾಡಬೇಕಾಗಿರಲಿಲ್ಲ. ಅವಳ ಖಾಲಿ ಸೀಟಿನ ಪಕ್ಕ ನಾನು ಆರು ವರ್ಷ ಕೂತೆ.

ಬ್ಯಾಂಡಿನ ಗತಿ ಕೇಳುವಂಥದ್ದಲ್ಲ. ಎರಡನೆಯ ಕ್ಯಾಸೆಟ್ಟಿಗೆ ನಾವು ಎಂಟು ಹಾಡು ಮಾಡಿದೆವು. ಎಂಟೂ ನಾನು ಬರೆದವು. ಯಾರಿಗೂ ಬೇಕಾಗಲಿಲ್ಲ. ಎಲ್ಲಿ ಹೋದರೂ "ತೀನ್ ಮಿನಿಟ್" ಹಾಡಿ ಎನ್ನುತ್ತಿದ್ದರು, ಹಾಡಿದ ಮೇಲೆ ಎದ್ದು ಹೋಗುತ್ತಿದ್ದರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಭಾನುವಾರ ಜತಿನ್ ಬೇಗ ಬಂದು, ಮೊದಲ ಕ್ಯಾಸೆಟ್ಟನ್ನು ಹಾಕಿಕೊಂಡು ಅದರ ಜೊತೆ ಬೇಸ್ ನುಡಿಸುತ್ತಾ ಕೂತಿದ್ದ. ನಾನು ಒಳಗೆ ಬಂದಾಗ ನಿಲ್ಲಿಸಿದ.

"ಐದು ಹಾಡು ನನ್ನ ಟ್ಯೂನಿಂಗಿಗೆ ಸರಿಯಾಗಿ ಬರುತ್ತವೆ," ಎಂದ ಹಿಂದಿಯಲ್ಲಿ. "ತೀನ್ ಮಿನಿಟ್ ಬರುವುದಿಲ್ಲ. ಅದೊಂದು ಮೇಲಿದೆ."

"ಟೇಪಿನ ಸ್ಪೀಡು ಹೆಚ್ಚುಕಮ್ಮಿ ಆಗಿರಬೇಕು," ಎಂದೆ.

"ಅದೇ ಟೇಪು, ಅದೇ ಮಷೀನು." ನನ್ನನ್ನೇ ನೋಡಿದ. "ಅದರಲ್ಲಿ ಬೇಸ್ ನುಡಿಸಿದ್ದು ನಾನೇ ತಾನೇ, ವಸು?"

ನಾನು ಕ್ಯಾಸೆಟ್ಟನ್ನು ಹೊರತೆಗೆದು ಡಬ್ಬಿಗೆ ಹಾಕಿದೆ. ಅವನು ಮತ್ತೆ ಕೇಳಲಿಲ್ಲ. ಬೇಸನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಹೆಗಲಿಗೇರಿಸಿ ಹೊರಟ. ಅಷ್ಟು ವರ್ಷ ಅಲ್ಲೇ ಇರುತ್ತಿದ್ದ ಬೇಸು. ಮತ್ತೆ ಬರಲಿಲ್ಲ. ಮೆಲ್ವಿನ್ ಮಸ್ಕತ್ತಿಗೆ ಹೋದ. ಸೈಡಿಂಗ್ ಮುಗಿಯಿತು.

ಇನ್ನು ಎರಡನೆಯ ತಪ್ಪು. ಮೊದಲನೆಯದಕ್ಕಿಂತ ಇದು ಚಿಕ್ಕದು, ಎರಡೇ ಮಾತಿನದು. ಆದರೆ ನನಗೆ ಇದನ್ನು ಬರೆಯುವುದೇ ಹೆಚ್ಚು ಕಷ್ಟ.

ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ, ಕುರ್ಲಾ ಸ್ಟೇಷನ್ನಿನಲ್ಲಿ ಒಂದು ಬೆಳಿಗ್ಗೆ ರೇಣುಕಾ ಸಿಕ್ಕಳು. ಆಗ ಅವಳಿಗೆ ಬೇರೆ ಆಫೀಸಿಗೆ ವರ್ಗವಾಗಿತ್ತು, ಅಪ್ಪನನ್ನು ನೋಡಲು ಬಂದಿದ್ದಳು. ಜೊತೆಯಲ್ಲಿ ಐದು ವರ್ಷದ ಮಗಳು, ಅಶ್ವಿನಿ. ಮೂವರೂ ಬೆಂಚಿನ ಮೇಲೆ ಕೂತೆವು. ಲೋಕಲ್ ತಡವಾಗಿತ್ತು. ಮಗು ಕಾಲು ಆಡಿಸುತ್ತಾ ಏನನ್ನೋ ಹಾಡಿಕೊಳ್ಳುತ್ತಿತ್ತು. ಶಾಲೆಯ ಪ್ರಾರ್ಥನೆ ಇರಬೇಕು. ಅಷ್ಟು ಗದ್ದಲದಲ್ಲೂ ಒಂದೊಂದು ಸ್ವರವೂ ತನ್ನ ಜಾಗದಲ್ಲಿ ಕೂತಿತ್ತು.

ರೇಣುಕಾ ಮೆಲ್ಲಗೆ ಅದರ ತೊಡೆ ತಟ್ಟಿದಳು. "ಸುಮ್ನಿರು ಅಶ್ವಿನಿ. ನಮ್ಮ ಮನೀ ಮಂದಿಗೆ ಅದು ಬರಂಗಿಲ್ಲ." ಆಮೇಲೆ ನನ್ನತ್ತ ತಿರುಗಿ, ಸಂಕೋಚದಿಂದ, "ಸಾಲಿಯೊಳಗ ಟೀಚರು ಇಕಿನ್ನ ಸಂಗೀತಕ್ಕ ಹಾಕ್ರಿ ಅಂತಾರ್ರಿ ಅಕ್ಕಾ. ತಮ್ಮ ಗುರುಗಳ ಕಡೆ ನಾನ ಕರಕೊಂಡ ಬರಬೇಕಂತ. ನನಗ ತಿಳಿಯಂಗಿಲ್ಲ, ನೀವು ಕೇಳಿದ್ರಲ್ಲ... ಇಕಿಗಾದ್ರೂ ಐತೇನು?"

ಒಂದು ಮಾತು ಸಾಕಿತ್ತು. ಐತಿ — ಅಷ್ಟೇ. ನನ್ನ ಹಳೆಯ ಪಾಪವನ್ನು ಹೇಳಿಕೊಳ್ಳಬೇಕಾಗಿಯೂ ಇರಲಿಲ್ಲ. ಆದರೆ ನನ್ನ ತಲೆಯಲ್ಲಿ ಓಡಿದ್ದು ಬೇರೆ. ಸಂಗೀತ ಬಲ್ಲ ಗುರುವಿನ ಮುಂದೆ ರೇಣುಕಾ ಕೂರುತ್ತಾಳೆ. ಆತ ಎಂದೋ ಒಮ್ಮೆ, ನೀನೂ ಒಂದು ಸಾಲು ಹಾಡಮ್ಮ ಎನ್ನುತ್ತಾನೆ. ಆಗ —

"ಬೇಡ ರೇಣುಕಾ, ಓದಿಸು," ಎಂದೆ. "ಟೀಚರುಗಳು ಎಲ್ಲ ಮಕ್ಕಳಿಗೂ ಹಾಗೇ ಹೇಳ್ತಾರೆ."

"ಹೌದಲ್ರಿ," ಎಂದಳು ರೇಣುಕಾ. ಮಗು ನನ್ನ ಮುಖವನ್ನೂ ತಾಯಿಯ ಮುಖವನ್ನೂ ನೋಡಿತು. ಲೋಕಲ್ ಬಂತು. ಹೆಂಗಸರ ಡಬ್ಬಿಯಲ್ಲಿ ಅವರನ್ನು ಹತ್ತಿಸಿ, ಕೈ ಬೀಸಿದೆ.

ಆಮೇಲೆ ಎಷ್ಟೋ ವರ್ಷ ಹೋದವು. ಸುಖವಾಗಿಯೇ ಹೋದವು ಎಂದು ಬರೆಯಬೇಕು. ಶಿಕ್ಷೆ ಅನುಭವಿಸಿದೆ ಎಂದು ಹೇಳಿಕೊಳ್ಳಲು ನನ್ನ ಬಳಿ ಏನೂ ಇಲ್ಲ. ಕಳೆದ ವರ್ಷ ಹಳೆಯ ಕ್ಯಾಸೆಟ್ಟುಗಳನ್ನು ಹುಡುಕಿ ಇಂಟರ್ನೆಟ್ಟಿಗೆ ಹಾಕುವ ಹೆಂಗಸೊಬ್ಬರು ಫೋನ್ ಮಾಡಿದರು. ಸೈಡಿಂಗಿನ ಹಾಡು ಸಿಕ್ಕಿದೆ, ಹೆಸರು ಸರಿಯಾಗಿ ಹಾಕಬೇಕು ಎಂದರು. "ಈ ಹಾಡು ಯಾರದು ಮೇಡಂ? ನಿಮ್ಮದೇ ಅಲ್ವಾ?" ನನ್ನ ಬಾಯಿಂದ ಹೌದು ಎಂಬುದು ಬರಲಿಲ್ಲ. ನಾಳೆ ಹೇಳುತ್ತೇನೆ ಎಂದು ಫೋನಿಟ್ಟೆ. ಅವರಿವರನ್ನು ಕೇಳಿ ರೇಣುಕಾಳ ವಿಳಾಸ ಹುಡುಕಿ, ಮರುದಿನ ಕಲ್ಯಾಣಕ್ಕೆ ಹೋದೆ.

ಮೂರನೆಯ ಮಹಡಿ. ಗಂಡ ತೀರಿಕೊಂಡಿದ್ದ, ಮಗಳ ಜೊತೆ ಇದ್ದಳು. "ಅಕ್ಕಾ!" ಎಂದು ಎರಡೂ ಕೈ ಹಿಡಿದು ಒಳಗೆ ಕರೆದೊಯ್ದಳು. ಚಹಾ ಮಾಡಲು ಹೊರಟವಳನ್ನು ತಡೆದು ಕೂರಿಸಿ ಎಲ್ಲವನ್ನೂ ಹೇಳಿದೆ. ತಂತಿ ಬಿಗಿದದ್ದು, ಹೆಡ್‌ಫೋನ್, ಅಳಿಸಿದ್ದು, ಕುರ್ಲಾದ ಬೆಂಚು. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಹೇಳುವಷ್ಟು ಹೊತ್ತೂ ಸುಲಿದಳು. ಮುಗಿದ ಮೇಲೆ ಕೈ ನಿಂತಿತು.

"ನಂದು ಒಂದ ಸಾಲೂ ಉಳದಿಲ್ಲೇನು?"

"ಇಲ್ಲ."

"ಎಲ್ಲೂ?"

"ಎಲ್ಲೂ ಇಲ್ಲ ರೇಣುಕಾ."

ಸಿಪ್ಪೆಗಳನ್ನು ಒಂದೆಡೆ ಗುಡ್ಡೆ ಮಾಡಿದಳು. ಆಮೇಲೆ, "ಇಕಿ ಈಗ ಆಫೀಸಿಂದ ಬರ್ತಾಳ. ಇಕಿಗೆ ನೀವ ಹೇಳ್ರಿ. ನಾ ಹೇಳಂಗಿಲ್ಲ," ಎಂದಳು. ಎದ್ದು ಹೋಗಲು ನೋಡಿದೆ. "ಕುಂದರ್ರಿ," ಎಂದಳು. ಅಷ್ಟು ವರ್ಷದಲ್ಲಿ ಅವಳು ನನಗೆ ಹಾಗೆ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಅಶ್ವಿನಿ ಬಂದಳು. ಮೂವತ್ತು ದಾಟಿದ, ತಾಯಿಯಂಥದೇ ಮುಖದ ಹೆಂಗಸು. ಅವಳಿಗೆ ಮತ್ತೆ ಮೊದಲಿನಿಂದ ಹೇಳಿದೆ. ಅವಳ ಕನ್ನಡ ಅಷ್ಟಕ್ಕಷ್ಟೇ, ಹಾಗಾಗಿ ಹಿಂದಿಯಲ್ಲಿ ಹೇಳಬೇಕಾಯಿತು — ನಾನು ಮಾಡಿದ್ದು ಇನ್ನೊಂದು ಭಾಷೆಯಲ್ಲಿ ಮತ್ತೂ ಬೆತ್ತಲೆಯಾಗಿ ಕೇಳಿಸಿತು. ಅವಳು ಸಿಟ್ಟಾಗುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನು ನೋಡಲೇ ಇಲ್ಲ. ತಾಯಿಯತ್ತ ತಿರುಗಿ, ನಂಬಲಾಗದವಳ ಹಾಗೆ, "ಮಮ್ಮಿ... ನೀನು ಹಾಡ್ತಾ ಇದ್ದೆ?" ಎಂದಳು.

ಅವಳಿಗೆ ಅದೇ ಗೊತ್ತಿರಲಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಇದ್ದ ಮಗಳಿಗೆ.

"ಏಕ್ ಬಾರ್, ಮಮ್ಮಿ. ಒಂದ್ ಸಲ ಹಾಡು ನಾ."

ರೇಣುಕಾ ನನ್ನತ್ತ ನೋಡಿದಳು. "ಇವ್ರು ಹೋದ ಮ್ಯಾಲೆ," ಎಂದಳು.

ನಾನು ಎದ್ದೆ. ಕ್ಷಮಿಸು ಎಂಬ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ಆಡಲಿಲ್ಲ. ಹಾಡಿನ ಕೆಳಗೆ ನಿನ್ನ ಹೆಸರು ಹಾಕಿಸುತ್ತೇನೆ ಎಂದೆ. ಅವಳು ಬೇಕೆಂದೂ ಬೇಡವೆಂದೂ ಹೇಳಲಿಲ್ಲ. ಅದನ್ನು ಹಾಕಿಸಿದ್ದೇನೆ, ಅದರ ಕೆಳಗೆ ಈ ದನಿ ಅವಳದಲ್ಲ, ಅವಳದನ್ನು ಅಳಿಸಿ ತುಂಬಿದ್ದು ಎಂದೂ ಬರೆಸಿದ್ದೇನೆ.

ಬಾಗಿಲು ಮುಚ್ಚಿಕೊಂಡಿತು. ನಾನು ಅರ್ಧ ಮಹಡಿ ಇಳಿದು, ತಿರುವಿನಲ್ಲಿ, ಗೋಡೆ ಹಿಡಿದು ನಿಂತೆ. ಹೌದು, ಕೇಳಲು ನಿಂತೆ. ಇಷ್ಟೆಲ್ಲ ಆದ ಮೇಲೂ ನಿಂತೆ. ಮೇಲೆ ಬಾಗಿಲು ತೆರೆದ ಸದ್ದಾಯಿತು. ರೇಣುಕಾ ಹೊರಬಂದು ಕಟಕಟೆಯಿಂದ ಬಗ್ಗಿ ನನ್ನನ್ನು ನೋಡಿದಳು.

"ಇಳೀರಿ," ಎಂದಳು. "ಕೆಳಗಿನ ತನಕ ಇಳೀರಿ."

ನಾನು ಇಳಿದೆ. ರಸ್ತೆಗೆ ಬರುವವರೆಗೂ ಅವಳು ಅಲ್ಲೇ ನಿಂತು ನೋಡುತ್ತಿದ್ದಳು.